ಅಪ್‌ಡೇಟ್: ನಮ್ಮ ಮಸೀದಿಗೆ ಹೊಸ ಇಮಾಮರು ಬಂದಿದ್ದಾರೆ

ನಿವೃತ್ತರಾಗಲಿದ್ದ ಇಮಾಮರ ಜಾಗಕ್ಕೆ ಹೊಸಬರನ್ನು ಆರಿಸುವಾಗ ವಯಸ್ಸಿಗೆ ಎಷ್ಟು ಮನ್ನಣೆ ಕೊಡಬೇಕೆಂದು ನಾನು ಕೇಳಿದ್ದ ಪ್ರಶ್ನೆಗೆ ಉತ್ತರಿಸಿದ ಎಲ್ಲರಿಗೂ ವಂದನೆಗಳು. ಕುರಾನ್ ಪಠಣದಲ್ಲಿ ಹೆಚ್ಚು ಬಲ್ಲವರಿಗೇ ಮೊದಲ ಆದ್ಯತೆ, ವಯಸ್ಸಿನ ಮಾತು ಆಮೇಲೆ ಎಂಬ ಹದೀಸನ್ನು (ಪ್ರವಾದಿಯವರ ನುಡಿಯನ್ನು) ನಿಮ್ಮಲ್ಲೊಬ್ಬರು ನೆನಪಿಸಿದ್ದಿರಿ. ಅದನ್ನು ಸಮಿತಿಯ ಮುಂದಿಟ್ಟ ಮೇಲೆ, ಕುರಾನಿನ 30 ಭಾಗಗಳನ್ನೂ ಕಂಠಪಾಠ ಮಾಡಿರುವ ಯುವ ಹಾಫಿಝರೊಬ್ಬರು ನೇಮಕಗೊಂಡರು. ಮೊದಲ ಶುಕ್ರವಾರ ಅವರು ನಮಗೆಲ್ಲ ತಿಳಿಯುವ ಭಾಷೆಯಲ್ಲಿ ಪ್ರವಚನ ನೀಡಿ, ಬಳಿಕ ಮಿಂಬರ್ (ಪ್ರವಚನ ಪೀಠ) ಏರಿ, ಅರಬ್ಬಿ ಖುತ್ಬಾದ, ಅಂದರೆ ಶುಕ್ರವಾರದ ನಮಾಝ್‌ಗೆ ಮೊದಲಿನ ವಿಧಿಬದ್ಧ ಪ್ರವಚನದ, ಎರಡು ಭಾಗಗಳ ನಡುವೆ ರೂಢಿಯಂತೆ ಕ್ಷಣಕಾಲ ಕುಳಿತು ಎದ್ದರು. ಖುತ್ಬಾವನ್ನು ಎಳೆಯದೆ ಚಿಕ್ಕದಾಗಿಯೇ ಮುಗಿಸಿದ್ದು ನನಗಂತೂ ಬಹಳ ಹಿಡಿಸಿತು. ಕೆಲವು ಹಿರಿಯರ ಅಸಮಾಧಾನ ಪೂರ್ತಿ ಹೋಗಿಲ್ಲವಾದರೂ, ಹಳೆಯ ಇಮಾಮರೇ ಮೊದಲ ಸಾಲಿನಲ್ಲಿ ನಿಂತು ಇವರ ಹಿಂದೆ ನಮಾಝ್ ಮಾಡುತ್ತಿರುವಾಗ ಬಹಿರಂಗವಾಗಿ ಆಕ್ಷೇಪಿಸುವವರಿಲ್ಲ. ಸಂಬಳ, ವಸತಿಗಳ ವಿಷಯವನ್ನು ಮಾತ್ರ ಸಮಿತಿ ಇನ್ನೂ ಲಿಖಿತವಾಗಿ ಇತ್ಯರ್ಥಗೊಳಿಸಿಲ್ಲ.