ಅಪ್‌ಡೇಟ್: ಮೋಲ್ಡ್ ಮುಗಿಯಿತು, ಡಿಬಿ ಪೈಪ್‌ಗಳು ಹೀಗೆ ಹೋದವು

ಎಲ್ಲಾ ವೈರಿಂಗ್ ಪೈಪ್‌ಗಳನ್ನು ಮೋಲ್ಡ್ (ಮನೆಯ ಮೇಲ್ಛಾವಣಿಯ ಕಾಂಕ್ರೀಟ್ ಸ್ಲ್ಯಾಬ್) ಒಳಗೆ ಒಟ್ಟಿಗೆ ಡಿಬಿವರೆಗೆ (ಮನೆಯ ಕರೆಂಟ್ ಲೈನ್‌ಗಳೆಲ್ಲಾ ಹಂಚಿಹೋಗುವ ಬಾಕ್ಸ್) ಒಯ್ಯಬಹುದಾ ಅಂತ ಕೇಳಿದ್ದೆ. ಬೇಡ ಅಂದವರಿಗೆಲ್ಲಾ ತುಂಬಾ ಥ್ಯಾಂಕ್ಸ್. ಪೈಪ್‌ಗಳು ಅಂಟಿಕೊಂಡಿದ್ದರೆ ನಡುವೆ ಕಾಂಕ್ರೀಟ್ ಸರಿಯಾಗಿ ಇಳಿಯುವುದಿಲ್ಲ, ಅಲ್ಲೇ ಸ್ಲ್ಯಾಬ್ ವೀಕ್ ಆಗುತ್ತದೆ, ಅದಕ್ಕೇ ಬಿಡಿಬಿಡಿಯಾಗಿ ಹರಡಿ, ಕೆಳಗಿನ ಕಂಬಿಗೂ ಮೇಲಿನ ಕಂಬಿಗೂ ನಡುವೆ ಹಾಯಿಸಿ, ಬೈಂಡಿಂಗ್ ವೈರ್‌ನಲ್ಲಿ ಕಟ್ಟಿಸಿದೆವು. ಎಲ್ಲಾ 25 ಎಂಎಂ ಹೆವಿ ಪೈಪ್. ಚಿಕ್ಕ ಎಲ್ಬೋ ಒಂದೂ ಇಲ್ಲ, ಉದ್ದ ಬೆಂಡ್ ಮಾತ್ರ, ಇಲ್ಲದಿದ್ದರೆ ವೈರ್ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಎಸಿಗೆ, ಗೀಸರ್‌ಗೆ ಬೇರೆ ಬೇರೆ ಲೈನ್. ಮುಂದೆ ಸೋಲಾರ್ ಹಾಕಲು ಡಿಬಿಯಿಂದ ತಾರಸಿಗೆ ಒಂದು ಖಾಲಿ ಪೈಪ್ ಬಿಟ್ಟಿದ್ದೇವೆ, ಬಾಯಿಗೆ ಟೇಪ್ ಸುತ್ತಿ. ಕಾಂಕ್ರೀಟ್ ಹಾಕುವಾಗ ಎಲೆಕ್ಟ್ರಿಷಿಯನ್ ಅಲ್ಲೇ ಇರಲೇಬೇಕು! ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ತಗುಲಿ ಬಿಟ್ಟುಕೊಂಡ ಒಂದು ಪೈಪ್ ಜಾಯಿಂಟನ್ನು ನಮ್ಮವರು ಆಗಲೇ ಸರಿಮಾಡಿದರು. ಸೆಂಟ್ರಿಂಗ್ (ಸ್ಲ್ಯಾಬ್ ಕೆಳಗಿನ ಹಲಗೆ, ಆಸರೆ) ಬಿಚ್ಚಿದ ಮೇಲೆ ವೈರ್ ಎಳೆಯುವ ಸ್ಪ್ರಿಂಗ್ ಹಾಕಿ ಪೈಪ್‌ಗಳು ಎಲ್ಲೂ ಕಟ್ಟಿಕೊಂಡಿಲ್ಲವಾ ಅಂತ ನೋಡುತ್ತೇವೆ.