ಅಪ್‌ಡೇಟ್: ಕರಿದ ಎಣ್ಣೆಯ ಬಯೋಡೀಸೆಲ್‌ನಲ್ಲಿ ಜನರೇಟರ್ ಓಡುತ್ತಿದೆ

ಬಸವನಗುಡಿಯ ನಮ್ಮ ಕ್ಯಾಂಟೀನ್‌ನಲ್ಲಿ ಉಳಿಯುವ ಕರಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿ ಜನರೇಟರ್‌ಗೆ ಹಾಕಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹಾಕಿದ್ದೇವೆ, ಚೆನ್ನಾಗಿ ಓಡುತ್ತಿದೆ!

ನೀವು ಹೇಳಿದ ಹಾಗೆ ಮೊದಲು ಎಣ್ಣೆ ಸೋಸಿ, ಕಾಯಿಸಿ ನೀರಿನಂಶ ತೆಗೆದೆವು. ಆಮೇಲೆ ಆಮ್ಲದ ಪರೀಕ್ಷೆ. ಇದನ್ನು ಬಿಡಲೇಬೇಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆಮ್ಲ ಜಾಸ್ತಿ, ಅದು ಕ್ಷಾರದ ಜೊತೆ ಸೇರಿ ಸೋಪಾಗುತ್ತದೆ. ಎಷ್ಟು ಕ್ಷಾರ ಬೇಕು ಅನ್ನೋದು ಪರೀಕ್ಷೆಯಿಂದಲೇ ಗೊತ್ತಾಗುವುದು. ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್), ಕ್ಷಾರ ಬೆರೆಸಿ 60 ಡಿಗ್ರಿ ಆಸುಪಾಸಿನಲ್ಲಿ ಕಲಕಿ ಬಿಟ್ಟರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿಯುವುದೇ ಬಯೋಡೀಸೆಲ್, ಅದನ್ನು ತೊಳೆದು ಒಣಗಿಸಬೇಕು. ಈ ಕೆಲಸವನ್ನೆಲ್ಲ ಕೆಮಿಸ್ಟ್ರಿ ಲೆಕ್ಚರರ್ ಆಗಿರುವ ನಮ್ಮ ಭಾವ ಲ್ಯಾಬ್‌ನಲ್ಲಿ ನಿಂತು ಮಾಡಿಸಿದರು. ಮೆಥನಾಲ್ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ದಯವಿಟ್ಟು ಅಡುಗೆಮನೆಯಲ್ಲಿ ಮಾಡಬೇಡಿ.

ಎಷ್ಟು ಬೆರೆಸಬೇಕು ಅಂತಲೂ ಕೇಳಿದ್ದೆನಲ್ಲ. ಸದ್ಯ ಡೀಸೆಲ್‌ಗೆ 20% ಮಾತ್ರ. ನಮ್ಮದು ಪಾಮ್ ಎಣ್ಣೆ, ಅದರ ಬಯೋಡೀಸೆಲ್ ಸುಮಾರು 15 ಡಿಗ್ರಿಗೇ ಮಬ್ಬಾಗಿ ಗಟ್ಟಿಯಾಗತೊಡಗುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರು ಅಷ್ಟು ತಣ್ಣಗಿರುತ್ತದೆ ಅಲ್ವಾ?

ಇನ್ನೊಂದು: ಬಯೋಡೀಸೆಲ್ ಟ್ಯಾಂಕಿನ ಹಳೆ ಕೊಳೆಯನ್ನೆಲ್ಲ ಎಬ್ಬಿಸುತ್ತದೆ. ಶುರುವಿನಲ್ಲಿ ಒಂದು ಫಿಲ್ಟರ್ ಜಾಸ್ತಿ ಇಟ್ಟುಕೊಳ್ಳಿ. ಹಳೆ ರಬ್ಬರ್ ಪೈಪ್‌ಗಳನ್ನೂ ನೋಡಿಕೊಳ್ಳಿ, ಅವು ಮೆತ್ತಗಾಗುತ್ತವೆ.