ರೂಟರ್‌ನ ‘ನೆರೆ’ ಯಾವುದು: ಪಕ್ಕದ ಮನೆಯೋ, ಹೇಮಾವತಿಯದೋ?

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬರೆಯುತ್ತಿದ್ದೇನೆ. ಇಲ್ಲಿನ ಒಂದು ಸಹಕಾರ ಸಂಘದ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ಶಾಖೆಯ ಹುಡುಗರಿಗೆಂದು ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯಲು ಕೂತೆ. ಮೂರನೇ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ. ಕೆಲವು ಪದ ಕೇಳಬೇಕಿತ್ತು.

ಮೊದಲು ಜಾಲದ ಆಕಾರ ಹೇಳಿಬಿಡುತ್ತೇನೆ. ಜಿಲ್ಲೆಯಲ್ಲಿ 8 ತಾಲ್ಲೂಕು. ಹಾಸನದಲ್ಲಿ ಮುಖ್ಯ ಕಚೇರಿ, ಉಳಿದ 7 ಕಡೆ ಒಂದೊಂದು ಶಾಖೆ. ಎಲ್ಲ ಶಾಖೆಯ ಲೈನೂ ಹಾಸನಕ್ಕೇ ಬರುತ್ತದೆ. ಬೇಲೂರಿನ ಕಂಪ್ಯೂಟರ್ ಅರಕಲಗೂಡಿನದ್ದನ್ನು ಮಾತಾಡಿಸಬೇಕಾದರೆ, ಬಸ್ಸಿನವರ ಹಾಗೆ, ಹಾಸನದಲ್ಲಿ ಇಳಿದು ಹತ್ತಬೇಕು. ಇದಕ್ಕೆ ಹಬ್ ಅಂಡ್ ಸ್ಪೋಕ್ ಎನ್ನುತ್ತಾರೆ. ಚಕ್ರದ ಮಾತು: ನಡುವಿನ ಗುಂಡು ಭಾಗ ಹಬ್, ಅಲ್ಲಿಂದ ಅಂಚಿಗೆ ಹೋಗುವವು ಸ್ಪೋಕ್. ಸರಿ, ಗಾಡಿ ಚಕ್ರಕ್ಕೆ ನಮ್ಮಲ್ಲಿ ಪದಕ್ಕೇನು ಬರ ಎಂದುಕೊಂಡು ‘ಗುಂಬ’, ‘ಅರ’ ಎಂದು ಬರೆದೆ.

ಕರಡು ಓದಿದ ಹುಡುಗ ‘ಗುಂಬ ಅಂದ್ರೆ ಏನು ಸಾರ್?’ ಅಂದ. ಅವನು ಹುಟ್ಟುವ ಹೊತ್ತಿಗೇ ಅವನ ಮನೆಯ ಗಾಡಿಗೆ ಟೈರು ಬಂದಿತ್ತಂತೆ. ‘ಅರ’ ಗೊತ್ತು, ಆದರೆ ಅದು ಕಬ್ಬಿಣ ಉಜ್ಜುವ ಅರ. ಸೈಕಲ್ ಕಡ್ಡಿ ಮಾತ್ರ ಚೆನ್ನಾಗಿ ಗೊತ್ತು. ಹಾಗಾಗಿ ಸದ್ಯಕ್ಕೆ ಹಬ್ ಹಬ್ಬಾಗೇ ಇದೆ, ಸ್ಪೋಕು ‘ಕಡ್ಡಿ’ಯಾಗಿದೆ. ಅರಸೀಕೆರೆ, ಕಡೂರು ಕಡೆ ಮರದ ಚಕ್ರ ಮಾಡುವವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ಹೇಳಿ.

ಎರಡನೆಯದು ಡೈನಮಿಕ್ ರೂಟಿಂಗ್. ರೂಟರ್ ಎಂದರೆ ಮಾಹಿತಿಯನ್ನು ಯಾವ ಲೈನಿಗೆ ಕಳಿಸಬೇಕೆಂದು ತೀರ್ಮಾನಿಸುವ ಪೆಟ್ಟಿಗೆ. ‘ಚಲನಶೀಲ’ ಎಂದು ಬರೆದರೆ ಏನೋ ಓಡಾಡುತ್ತಿದೆ ಅನಿಸುತ್ತದೆ. ಇಲ್ಲಿ ವಿಷಯ ಅದಲ್ಲ. ಸ್ಟ್ಯಾಟಿಕ್ ಅಂದರೆ ಪ್ರತಿ ರೂಟರ್‌ನಲ್ಲಿ ನಾನೇ ಕೂತು ‘ಈ ಊರಿಗೆ ಈ ಕಡೆ’ ಎಂದು ಬರೆಯುವುದು. ಡೈನಮಿಕ್ ಅಂದರೆ ರೂಟರ್‌ಗಳು ಒಂದಕ್ಕೊಂದು ಹೇಳಿಕೊಂಡು ದಾರಿ ತಿಳಿಯುವುದು. ಅದಕ್ಕೇ ‘ಬರೆದ ದಾರಿ’, ‘ಕೇಳಿದ ದಾರಿ’ ಎಂದಿದ್ದೇನೆ. ‘ಕೇಳು’ ಎಂದರೆ ವಿಚಾರಿಸುವುದೂ ಹೌದು, ಕಿವಿಗೊಡುವುದೂ ಹೌದು. ರೂಟರ್ ಎರಡನ್ನೂ ಮಾಡುತ್ತದೆ.

ರೂಟರ್ ತನ್ನ ದಾರಿಗಳನ್ನು ಅಡ್ವರ್ಟೈಸ್ ಮಾಡುತ್ತದೆ ಎನ್ನುವುದಕ್ಕೆ ‘ಜಾಹೀರಾತು ಕೊಡುತ್ತದೆ’ ಎಂದು ಒಬ್ಬರು ತಿದ್ದಿಕೊಟ್ಟರು. ನಗು ಬಂತು. ‘ಸಾರುತ್ತದೆ’ ಸಾಕಲ್ವಾ? ಡಂಗುರ ಸಾರಿದ ಹಾಗೆ. ಊಟದ ಸಾರು ನೆನಪಾದರೆ ಆಗಲಿ.

ಈ ಸಾರುವ ಕೆಲಸದಲ್ಲೇ ನಮಗೆ ಎರಡು ದಿನ ಹೋಯಿತು. ನಮ್ಮದು ಆಗ ರಿಪ್, ರೂಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳಲು 1988ರಷ್ಟು ಹಿಂದೆಯೇ ಬರಹಕ್ಕೆ ಇಳಿದ ನಿಯಮಾವಳಿ. 30 ಸೆಕೆಂಡಿಗೊಮ್ಮೆ ಸಾರುತ್ತದೆ, ನಡುವಿನ ರೂಟರ್‌ಗಳನ್ನು ಎಣಿಸುತ್ತದೆ, ಎಣಿಕೆ 16 ಆದರೆ ದಾರಿಯೇ ಇಲ್ಲ ಎಂದರ್ಥ. ಬೇಲೂರಿಂದ ಹಾಸನ ಸಿಗುತ್ತಿತ್ತು. ಸಕಲೇಶಪುರದಿಂದಲೂ ಸಿಗುತ್ತಿತ್ತು. ಬೇಲೂರಿಗೆ ಸಕಲೇಶಪುರ ಮಾತ್ರ ಸಿಗದು. ಸುಮ್ನೆ ಲೈನಿನವರನ್ನು ಬೈದೆವು. ತಪ್ಪು ನಮ್ಮದೇ, ಸ್ಪ್ಲಿಟ್ ಹೊರೈಜನ್ ಎಂಬ ನೇಮದ್ದು. ಸುದ್ದಿ ಯಾವ ಬಾಗಿಲಿಂದ (ರೂಟರ್‌ಗೆ ಲೈನು ಸೇರುವ ಜಾಗ) ಬಂತೋ ಅದೇ ಬಾಗಿಲಲ್ಲಿ ಅದನ್ನು ತಿರುಗಿ ಸಾರಬಾರದು. ಇಲ್ಲದಿದ್ದರೆ, ಲೈನು ಸತ್ತ ಮೇಲೂ ಎರಡು ರೂಟರ್ ‘ದಾರಿ ನಿನ್ನ ಕಡೆ ಇದೆ, ಇಲ್ಲ ನಿನ್ನ ಕಡೆ ಇದೆ’ ಎಂದು 16 ಆಗುವ ತನಕ ಎಣಿಸುತ್ತ ಕೂರುತ್ತವೆ. ಒಳ್ಳೆಯ ನೇಮವೇ. ಆದರೆ ಹಾಸನದ ರೂಟರ್‌ನಲ್ಲಿ ಏಳೂ ಶಾಖೆಗೆ ಸೇರಿ ಇದ್ದದ್ದು ಒಂದೇ ಬಾಗಿಲು. ಬೇಲೂರಿನ ಸುದ್ದಿ ಬಂದ ಬಾಗಿಲೇ ಸಕಲೇಶಪುರದ ಬಾಗಿಲು. ಹಾಸನ ಬಾಯಿ ಬಿಡಲಿಲ್ಲ. ಆ ಒಂದು ಬಾಗಿಲಲ್ಲಿ ನೇಮ ತೆಗೆದೆವು, ಸರಿಹೋಯಿತು. ಇದನ್ನು ಸ್ನೇಹಿತರೊಬ್ಬರು ‘ಕ್ಷಿತಿಜ ವಿಭಜನೆ’ ಎಂದರು. ಕವನ ಸಂಕಲನಕ್ಕಾದರೆ ಚೆನ್ನಾಗಿದೆ. ನಾನು ‘ತಿರುಗಿ ಸಾರದ ನೇಮ’ ಎಂದು ಬರೆದಿದ್ದೇನೆ. ಉದ್ದವಾಯಿತು, ಗೊತ್ತು.

ಈಗ ನಿಜವಾದ ತೊಡಕು. ನಾವು ರಿಪ್ ಬಿಟ್ಟು ಓಎಸ್‌ಪಿಎಫ್ ಎಂಬ ಇನ್ನೊಂದು ನಿಯಮಾವಳಿಗೆ ಹೋಗುತ್ತಿದ್ದೇವೆ. ಇದರಲ್ಲಿ ಪ್ರತಿ ರೂಟರ್ ಇಡೀ ಜಾಲದ ನಕ್ಷೆ ಇಟ್ಟುಕೊಳ್ಳುತ್ತದೆ. ಎಲ್ಲಾದರೂ ಲೈನು ಬಿದ್ದರೆ ಆ ಸುದ್ದಿಯನ್ನು ನೇಬರ್‌ಗಳಿಗೆ, ಅಂದರೆ ತಾನು ನೇರವಾಗಿ ಮಾತಾಡುವ ರೂಟರ್‌ಗಳಿಗೆ, ದಾಟಿಸುತ್ತದೆ, ಅವು ತಮ್ಮ ನೇಬರ್‌ಗಳಿಗೆ. ಹೀಗೆ ಎಲ್ಲ ಕಡೆ ಹರಡುವುದಕ್ಕೆ ಫ್ಲಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ‘ನೆರೆಯವರಿಗೆ ನೆರೆ ಹರಿಸುತ್ತದೆ’! ಹೇಮಾವತಿ ಅಣೆಕಟ್ಟಿನ ಗೊರೂರು ಕಡೆಯವರು ಓದಿದರೆ ಗಾಬರಿಯಾಗುತ್ತಾರೆ.

ಹಳಗನ್ನಡದಲ್ಲಿ ತುಂಬು ಎಂಬ ಅರ್ಥದ ‘ನೆಱೆ’ಗೆ ಶಕಟರೇಫ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ), ಸೇರು ಎಂಬ ‘ನೆರೆ’ಗೆ ಮಾಮೂಲಿ ರೇಫ. ಹೊಳೆಯ ನೆರೆ ಆ ತುಂಬುವ ನೆಱೆಯ ಕಡೆಯದು, ಪಕ್ಕದ ಮನೆಯ ನೆರೆ ಸೇರುವುದರ ಕಡೆಯದು ಎಂದು ನನ್ನ ತಿಳಿವಳಿಕೆ. ಬಲ್ಲವರು ತಿದ್ದಿ. ಶಕಟ ಎಂದರೆ ಗಾಡಿ ಅಲ್ವಾ, ಗಾಡಿ ಚಕ್ರ ಬಿಟ್ಟು ಬಂದೆ ಎಂದುಕೊಂಡಿದ್ದೆ, ಇಲ್ಲೂ ಎದುರಾಯಿತು. ಆ ಅಕ್ಷರ ಉಳಿದಿದ್ದರೆ ನನ್ನ ಕೈಪಿಡಿಯ ಒಂದು ತೊಡಕು ತಪ್ಪುತ್ತಿತ್ತು.

ಫ್ಲಡಿಂಗ್‌ಗೆ ‘ಹರಡು’ ಎಂದು ತೇಲಿಸಿಬಿಡಬಹುದು. ಆದರೆ ನೇಬರ್‌ಗೆ ‘ನೆರೆ’ ಎನ್ನಲೂ ಮನಸ್ಸಿಲ್ಲ. ಬೇಲೂರು, ಸಕಲೇಶಪುರ ಅಕ್ಕಪಕ್ಕದ ತಾಲ್ಲೂಕುಗಳು, ಗಡಿ ಹಂಚಿಕೊಂಡಿವೆ. ನಮ್ಮ ಜಾಲದಲ್ಲಿ ಅವು ನೇಬರ್ ಅಲ್ಲವೇ ಅಲ್ಲ. ಏಳೂ ಶಾಖೆಗೆ ಇರುವ ನೇಬರ್ ಹಾಸನ ಒಂದೇ. ಇಲ್ಲಿ ದೂರ ಹತ್ತಿರ ಲೆಕ್ಕಕ್ಕಿಲ್ಲ. ಯಾರ ಹಲೋಗೆ ಯಾರು ಓಗೊಡುತ್ತಾರೆ ಎಂಬುದಷ್ಟೇ ಲೆಕ್ಕ.

ಹಾಗಾದರೆ ನೇಬರ್‌ಗೆ ‘ಒಡನಾಡಿ’ ಎಂದು ಬರೆದು, ನೆರೆಯನ್ನು ಹೇಮಾವತಿಗೇ ಬಿಟ್ಟುಬಿಡಲೇ? ಇಲ್ಲ, ಶಾಖೆಯ ಹುಡುಗರಿಗೆ ‘ಒಡನಾಡಿ’ಯೂ ‘ಗುಂಬ’ದ ಹಾಗೇ ಆಗುತ್ತದೆಯೇ?